ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸಕ್ಕೆ ದುಡ್ಡು ಕಟ್ಟಬೇಡಿ: ಸ್ಪಷ್ಟನೆ

‘ಹಾಕಿ ಇಂಡಿಯಾ ಲೀಗ್‌ಗೆ ಕೊಡಗಿನ ತಂಡ ಬರ್ತಿದೆ, ಪಿಆರ್ ವಿಭಾಗಕ್ಕೆ ಜನ ಬೇಕು, 1,500 ರೂಪಾಯಿ ಕಟ್ಟಿ’ ಎಂಬ ಮೆಸೇಜ್ ವಿರಾಜಪೇಟೆ, ಗೋಣಿಕೊಪ್ಪದ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಅದು ಸುಳ್ಳು.

2017ರ ನಂತರ ನಿಂತಿದ್ದ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದಾಗ ಪುರುಷರ 8, ಮಹಿಳೆಯರ 4 ತಂಡಗಳು ಆಡಿದವು. ಅದರಲ್ಲಿ ಕರ್ನಾಟಕದ್ದೇ ಒಂದೂ ಇರಲಿಲ್ಲ, ಇನ್ನು ಕೊಡಗಿನದ್ದೆಲ್ಲಿ? ಹೊಸ ತಂಡ ಬಂದರೆ ಲೀಗ್ ನಡೆಸುವ ಹಾಕಿ ಇಂಡಿಯಾನೇ ಹೇಳುತ್ತೆ.

ನಾನೂ ಒಂದು ತಂಡದ ಪಿಆರ್‌ನಲ್ಲೇ ಇದ್ದೇನೆ. ನಮ್ಮ ಪತ್ರಿಕಾ ಪ್ರಕಟಣೆಯಲ್ಲಿ ತಾರೀಖು, ಸಂಪರ್ಕಿಸಬೇಕಾದವರ ಹೆಸರು ಇದ್ದೇ ಇರುತ್ತೆ. ಆ ಮೆಸೇಜ್ ಜೊತೆಗಿರುವ ಪೋಸ್ಟರ್‌ನಲ್ಲಿ ಎರಡೂ ಇಲ್ಲ. ಲೋಗೋ ಅಡ್ಡಕ್ಕೆ ಎಳೆದ ಹಾಗಿದೆ, ಕೆಳಗಿನ ಕ್ಯೂಆರ್ ಕೋಡ್ ಯಾರದೋ ಸ್ವಂತ ಖಾತೆಯದು. ಪಂದ್ಯದ ದಿನ ವರದಿಗಾರರಿಗೆ ಪಾಸ್ ಕೊಡೋದು, ಆಟ ಮುಗಿದ ಮೇಲೆ ಬೆವರು ಒರೆಸುತ್ತಿರುವ ಆಟಗಾರನನ್ನು ಮೈಕ್ ಮುಂದೆ ನಿಲ್ಲಿಸೋದು, ಇದೇ ನಮ್ಮ ಕೆಲಸ. ಇದಕ್ಕೆ ಸಂಬಳ ಕೊಡ್ತಾರೆ, ಫೀಸ್ ತಗೊಳ್ಳೋದಿಲ್ಲ.

ಹಾಕಿ ಅಂದ್ರೆ ನಮ್ಮೂರಲ್ಲಿ ಯಾರು ಬೇಕಾದ್ರೂ ನಂಬಿಬಿಡ್ತಾರೆ, ಅಲ್ವಾ? ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ದುಡ್ಡು ಕಟ್ಟಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.