ಸಿಗರೇಟ್ ಬಿಟ್ಟರೆ 15 ಕೆಜಿ ಏರುತ್ತದೆಯೇ? ಇಲ್ಲ

ಮಂಗಳೂರಿನ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಸಿಗರೇಟ್ ಬಿಟ್ಟವರೆಲ್ಲ 15 ಕೆಜಿ ದಪ್ಪ ಆಗುತ್ತಾರೆ, ಅದಕ್ಕಿಂತ ಸೇದುವುದೇ ವಾಸಿ." ಇದು ತಪ್ಪು.

ತೂಕ ಸ್ವಲ್ಪ ಏರುವುದು ನಿಜ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ಮೈ ಕ್ಯಾಲೊರಿ ಸುಡುವ ವೇಗವನ್ನೂ ತುಸು ಹೆಚ್ಚಿಸುತ್ತದೆ. ಅದು ನಿಂತಾಗ ನಾಲಿಗೆಗೆ ರುಚಿ ವಾಪಸ್ ಬರುತ್ತದೆ, ಕೈ ಸುಮ್ನೆ ತಿಂಡಿ ಕಡೆ ಹೋಗುತ್ತದೆ. ಆದರೆ ಮೊದಲ ವರ್ಷದ ಸರಾಸರಿ ಏರಿಕೆ 4-5 ಕೆಜಿ ಅಷ್ಟೇ. ಕೆಲವರದ್ದು ಇಳಿಯುವುದೂ ಉಂಟು. ಬಿಟ್ಟಿದ್ದರಿಂದ ಹೃದಯಕ್ಕೆ ಆಗುವ ಒಳ್ಳೆಯದು ಇದಕ್ಕಿಂತ ಎಷ್ಟೋ ಜಾಸ್ತಿ.

ನಮ್ಮ ಬಾವ ಬಿಟ್ಟಾಗ ಕಷ್ಟ ಆಗಿದ್ದು ಸಂಜೆಯ ಚಹಾ ಹೊತ್ತು. ಸಿಗರೇಟ್ ಇದ್ದ ಜಾಗಕ್ಕೆ ಒಂದು ಪ್ಲೇಟ್ ಗೋಳಿಬಜೆ ಬಂತು, ಆಮೇಲೆ ಎರಡು. ಅಕ್ಕ ಡಬ್ಬಿಯಲ್ಲಿ ಮುಳ್ಳುಸೌತೆ ಹೆಚ್ಚಿ, ಮೆಣಸಿನ ಪುಡಿ ಉದುರಿಸಿ ಕೊಡತೊಡಗಿದಳು. ಆಸೆ ಬಂದಾಗ ಅದನ್ನು ಜಗಿಯುತ್ತಾ ಕದ್ರಿ ಗುಡ್ಡದ ಕಡೆ ನಡೆಯುತ್ತಿದ್ದರು. ಸೇದುವ ಆಸೆ ಕೆಲವೇ ನಿಮಿಷದ್ದು ಅಲ್ವಾ, ದಾಟಿಬಿಡುತ್ತದೆ.

ಬಿಡುವ ಹೊತ್ತಲ್ಲೇ ಕಟ್ಟುನಿಟ್ಟಿನ ಡಯಟ್ ಮಾತ್ರ ಬೇಡ. ಹಸಿದರೆ ಸಿಗರೇಟ್ ಮತ್ತೆ ಕರೆಯುತ್ತದೆ. ಸಹಾಯ ಬೇಕಿದ್ದರೆ 1800-11-2356ಕ್ಕೆ ಫೋನ್ ಮಾಡಿ, ಉಚಿತ.