ಹಳೆಯ ಪೇಟೆಯ ಬೀದಿಯಲ್ಲಿ ಮನೆ: ಇರಬೇಕೇ, ಬಿಡಬೇಕೇ?

ಪರ: ಸಂಸಾರಗಳಿದ್ದರೆ ಮಾತ್ರ ಪೇಟೆ

ಅಂಗಡಿಗಳ ಷಟರ್ ಏಳುವ ಮೊದಲು ಬೆಂಗಳೂರಿನ ನಗರ್ತಪೇಟೆಯ ನಮ್ಮ ಗಲ್ಲಿ ಬೇರೆಯೇ ಊರು. ಬಾಗಿಲಿಗೆ ನೀರು ಹಾಕಿ ಎಳೆದ ರಂಗೋಲಿಯನ್ನು ಇನ್ನೂ ಯಾರೂ ತುಳಿದಿರುವುದಿಲ್ಲ. ಹತ್ತು ಗಂಟೆಗೆಲ್ಲ ಕೈಗಾಡಿಗಳು, ಗೂಡ್ಸ್ ಆಟೊಗಳು, ಮೂಟೆ ಹೊತ್ತು ‘ದಾರಿ, ದಾರಿ’ ಎಂದು ಕೂಗುವವರು. ಸರಕು ಕೊಳ್ಳಲು ಬರುವವರ ಕಣ್ಣಿಗೆ ಬೀಳುವುದು ಈ ಎರಡನೆಯ ಊರು ಮಾತ್ರ. ಅದಕ್ಕೇ ಅವರು ‘ಇಲ್ಲಿ ಮನುಷ್ಯರು ಹೇಗೆ ವಾಸ ಮಾಡುತ್ತಾರೆ?’ ಎಂದು ಕೇಳುತ್ತಾರೆ.

ಮೊದಲಿನಿಂದಲೂ ವಾಸ ಮಾಡಿದ್ದಾರೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಬೆಳೆದದ್ದು ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಕೂಡುವ ಚೌಕದ ಸುತ್ತ. ಆ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಗಾಣಿಗರಪೇಟೆ: ಹೆಸರುಗಳೇ ಕಸುಬನ್ನು ಹೇಳುತ್ತವೆ. ಕೆಳಗೆ ದುಡಿಮೆ, ಮೇಲೆ ಸಂಸಾರ. ಮನೆಯೊಂದು ಕಡೆ, ಕೆಲಸವೊಂದು ಕಡೆ ಎಂದು ದಿನಕ್ಕೆರಡು ಬಾರಿ ಟ್ರಾಫಿಕ್‌ನಲ್ಲಿ ನರಳುವ ನಗರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ಮಾರುಕಟ್ಟೆ, ವಿಕ್ಟೋರಿಯಾ ಆಸ್ಪತ್ರೆ, 2017ರಿಂದ ಚಿಕ್ಕಪೇಟೆಯ ಮೆಟ್ರೊ ನಿಲ್ದಾಣ, ಎಲ್ಲವೂ ಕಾಲ್ನಡಿಗೆಯ ದೂರ. ನಮ್ಮ ಮನೆಯಲ್ಲಿ ಕಾರಿಲ್ಲ. ಬೇಕೆಂದು ಅನ್ನಿಸಿಯೂ ಇಲ್ಲ.

ಚೈತ್ರ ಪೌರ್ಣಮಿಯ ರಾತ್ರಿ ಈ ಬೀದಿಗಳನ್ನು ನೋಡಬೇಕು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಬೆಳಗಾಗುವವರೆಗೆ ಪೇಟೆಗಳನ್ನೆಲ್ಲ ಸುತ್ತುತ್ತದೆ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಅಲಗು ಹಿಡಿದ ವೀರಕುಮಾರರ ಗೋವಿಂದ ನಾಮ ದೂರದಲ್ಲಿ ಕೇಳಿಸಿದ ಕೂಡಲೇ ಬಾಗಿಲುಗಳು ತೆರೆದುಕೊಳ್ಳುತ್ತವೆ, ಮಹಡಿಗಳಿಂದ ಮಲ್ಲಿಗೆ ಸುರಿಯುತ್ತದೆ. ಕರಗಕ್ಕೆ ಬೇಕಿರುವುದು ಎಚ್ಚರವಿರುವ ಮನೆಗಳು. ಬೀಗ ಹಾಕಿದ ಗೋದಾಮಿನಿಂದ ಯಾರು ಹೂ ಚೆಲ್ಲುತ್ತಾರೆ?

ಒಂದು ಸಂಸಾರ ಬಿಟ್ಟುಹೋದ ಮನೆಗೆ ಇನ್ನೊಂದು ಸಂಸಾರ ಬರುವುದಿಲ್ಲ, ಸರಕು ಬರುತ್ತದೆ. ಇದನ್ನು ನಮ್ಮ ಗಲ್ಲಿಯಲ್ಲೇ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಇರುವವರು ಇರಬೇಕು.

ವಿರೋಧ: ಸರಕಿನ ನಡುವೆ ಮಕ್ಕಳನ್ನು ಮಲಗಿಸಬಾರದು

ಆಸ್ಪತ್ರೆ ಹತ್ತಿರವೇ, ನಿಜ. ಆದರೆ ಅಮ್ಮನಿಗೆ ಎದೆನೋವು ಬಂದ ಸಂಜೆ ಆಂಬುಲೆನ್ಸ್ ನಮ್ಮ ಗಲ್ಲಿಯ ಬಾಯಿಯಲ್ಲೇ ನಿಂತಿತು. ಎರಡು ಗೂಡ್ಸ್ ಆಟೊಗಳು ಎದುರುಬದುರಾಗಿ ಸಿಕ್ಕಿಕೊಂಡಿದ್ದವು. ಕಡಿದಾದ ಮೆಟ್ಟಿಲುಗಳಲ್ಲಿ ಅಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ನಾಲ್ಕು ಜನ ಇಳಿಸಿದೆವು. ಮುಂದೆ ಹಮಾಲಿಗಳೇ ಮೂಟೆಗಳನ್ನು ಎತ್ತಿ ಬದಿಗಿಟ್ಟು ದಾರಿ ಬಿಡಿಸಿದರು. ಅವರ ಋಣ ದೊಡ್ಡದು. ಅಮ್ಮ ಉಳಿದರು, ಮರುವರ್ಷ ನಾವು ಪೇಟೆ ಬಿಟ್ಟೆವು.

‘ಕೆಳಗೆ ದುಡಿಮೆ, ಮೇಲೆ ಸಂಸಾರ’ ಎನ್ನುವಾಗ ಆ ದುಡಿಮೆ ಯಾವುದು ಎಂದೂ ನೋಡಬೇಕು. ಬಳೆ ಮಾರುವವರ ಮನೆ ಬಳೆಯಂಗಡಿಯ ಮೇಲಿದ್ದ ಕಾಲ ಬೇರೆ. ಈಗ ಕೆಳಗಿರುವುದು ಪ್ಲಾಸ್ಟಿಕ್, ಫೋಮ್, ರಟ್ಟಿನ ಪೆಟ್ಟಿಗೆ, ಬಟ್ಟೆಯ ಗಂಟು. ಮಾಲೀಕರು ಇನ್ನೆಲ್ಲೋ ಇರುತ್ತಾರೆ. ಹಳೆಯ ವೈರಿಂಗ್‌ನಲ್ಲಿ ಒಂದು ಕಿಡಿ ಹಾರಿದರೆ ಹೊಗೆ ಏರುವುದು ಮನೆಗೆ ಇರುವ ಒಂದೇ ಮೆಟ್ಟಿಲ ದಾರಿಯಲ್ಲಿ. ಅಗ್ನಿಶಾಮಕ ವಾಹನ ಮುಖ್ಯರಸ್ತೆಯಲ್ಲಿ ನಿಂತು ಪೈಪು ಎಳೆಯಬೇಕು. ಗೋದಾಮು ಹೆಚ್ಚದಂತೆ ತಡೆಯಲು ಸಂಸಾರಗಳು ಇಲ್ಲೇ ಇರಬೇಕು ಎಂಬ ವಾದ ನನಗೆ ಸಿಟ್ಟು ತರಿಸುತ್ತದೆ. ನಗರಪಾಲಿಕೆ ಮಾಡಬೇಕಾದ ಕಾವಲನ್ನು ನಿದ್ದೆಯಲ್ಲಿರುವ ಮಕ್ಕಳಿಂದ ಮಾಡಿಸುವುದೇ?

ಇಕ್ಕಟ್ಟಿನ ಬೆಲೆ ಈ ಊರಿಗೆ ಹೊಸದೇನಲ್ಲ. 1898ರಲ್ಲಿ ಪ್ಲೇಗು ಬಂದಾಗ ಗಾಳಿಬೆಳಕಿಲ್ಲದ ಪೇಟೆಯ ಮನೆಗಳಿಂದ ಜನ ಹೊರಬಿದ್ದರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದೇ ಆಮೇಲೆ. ಮನೆಗಳ ಹಿಂದೆ ಕಸ ಸಾಗಿಸಲು ಬೇರೆ ಓಣಿ, ಅಗಲವಾದ ಬೀದಿಗಳು ಬಂದವು. ಅಂದು ಹೊರಟವರನ್ನು ಪೇಟೆಗೆ ದ್ರೋಹ ಮಾಡಿದವರೆಂದು ನಾವು ಕರೆಯುವುದಿಲ್ಲ.

ಕರಗ ನನ್ನದೂ ಹೌದು. ಈಗಲೂ ಪ್ರತಿವರ್ಷ ಹೋಗುತ್ತೇನೆ, ರಾತ್ರಿಯೆಲ್ಲ ನಿಲ್ಲುತ್ತೇನೆ. ಆದರೆ ಒಂದು ರಾತ್ರಿಯ ಸಂಭ್ರಮಕ್ಕಾಗಿ ಮಿಕ್ಕ ರಾತ್ರಿಗಳನ್ನೆಲ್ಲ ಮುದುಕರು, ಮಕ್ಕಳು ಆ ಮೆಟ್ಟಿಲುಗಳ ಮೇಲ್ತುದಿಯಲ್ಲಿ ಕಳೆಯಲಿ ಎನ್ನಲಾರೆ. ಬೆಂಕಿ ಹತ್ತುವ ಸರಕನ್ನು ವಾಸದ ಕಟ್ಟಡಗಳಿಂದ ಹೊರಹಾಕಲಿ, ಗಲ್ಲಿಗಳಲ್ಲಿ ಆಂಬುಲೆನ್ಸ್ ಬರುವಷ್ಟು ಜಾಗ ಬಿಡಿಸಲಿ. ಆಗ ನಾನೇ ಮರಳಿ ಬಾಡಿಗೆಗೆ ಮನೆ ಹುಡುಕುತ್ತೇನೆ. ಅಲ್ಲಿಯವರೆಗೆ ಎಳೆಯ ಮಕ್ಕಳಿರುವ ಯಾರಾದರೂ ನನ್ನನ್ನು ಕೇಳಿದರೆ, ಹೊರಡಿ ಎನ್ನುತ್ತೇನೆ.