ಬೀಗ ಬಿದ್ದ ಪ್ರಯೋಗಾಲಯ

ಸಿಂಧನೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಈಗಷ್ಟೇ ಮನೆಗೆ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ತುಂಬು ಗರ್ಭಿಣಿಯೊಬ್ಬಳು ಭತ್ತದ ನಾಟಿಯ ಕೂಲಿ ಬಿಟ್ಟು, ತಾಯಿ ಕಾರ್ಡ್ ಹಿಡಿದುಕೊಂಡು ರಕ್ತ ಪರೀಕ್ಷೆಗೆ ಬಂದಿದ್ದಳು. ಕಟ್ಟಡ ಹೊಸದು, ಯಂತ್ರವೂ ಇದೆ. ಆದರೆ ಗುತ್ತಿಗೆ ಮೇಲಿದ್ದ ಲ್ಯಾಬ್ ಟೆಕ್ನೀಷಿಯನ್ನರನ್ನು ಬೇರೆ ಕೇಂದ್ರಕ್ಕೆ ನಿಯೋಜಿಸಿದ್ದರಿಂದ ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು. "ನಾಳಿ ಬಾರವಾ, ಇಲ್ಲಾಂದ್ರ ತಾಲ್ಲೂಕ ದವಾಖಾನಿಗೆ ಹೋಗು" ಎಂದ ನರ್ಸಮ್ಮನ ಮೇಲೆ ನನಗೆ ಕೋಪವಿಲ್ಲ. ಹೆರಿಗೆ, ಲಸಿಕೆ, ಆನ್‌ಲೈನ್ ದಾಖಲೆ ಎಲ್ಲವನ್ನೂ ಆಕೆಯೊಬ್ಬರೇ ನೋಡಬೇಕಾಗಿತ್ತು.

ನನ್ನ ನೌಕರಿಯೆಲ್ಲ ಆರೋಗ್ಯ ಇಲಾಖೆಯಲ್ಲೇ ಕಳೆಯಿತೆಂಬುದು ನಿಮಗೆ ಗೊತ್ತು. ಆಪತ್ತು ಬಂದಾಗ ಕುಸಿಯದೆ ನಿಲ್ಲುವ ಆರೋಗ್ಯ ವ್ಯವಸ್ಥೆ ಬೇಕಾದರೆ ಊರು ಬಿಟ್ಟು ಹೋಗದ ಕಾಯಂ ಸಿಬ್ಬಂದಿ ಬೇಕು ಎಂದು ಅಂದೂ ಹೇಳುತ್ತಿದ್ದೆ, ಇಂದೂ ಹೇಳುತ್ತೇನೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ನಾವು ಸಂಭ್ರಮಿಸಿದ್ದೆವು. ಅದು ಹಳ್ಳಿಗೆ ಆಶಾ ಕಾರ್ಯಕರ್ತೆಯರನ್ನು ಕೊಟ್ಟಿತು, ಆ ಉಪಕಾರ ಸಣ್ಣದಲ್ಲ. ಆದರೆ ಅದರ ಜೊತೆ ಬಂದ ಗುತ್ತಿಗೆ ನೇಮಕಾತಿ ಎರಡು ದಶಕ ಕಳೆದರೂ ಹೋಗಿಲ್ಲ. ಒಂದೇ ಓಣಿಯ ನಾಲ್ಕು ಮನೆಗಳಲ್ಲಿ ಜ್ವರ ಕಾಣಿಸಿಕೊಂಡರೆ ಅದನ್ನು ಮೊದಲು ಗುರುತಿಸುವವಳು ಆಶಾ. ಆಕೆ ಕಳುಹಿಸಿದ ರಕ್ತದ ಮಾದರಿಯನ್ನು ಅದೇ ದಿನ ಪರೀಕ್ಷಿಸುವವರಿಲ್ಲದಿದ್ದರೆ, ಡೆಂಗಿ ಎಂದು ತಿಳಿಯುವಷ್ಟರಲ್ಲಿ ಊರೆಲ್ಲ ಮಲಗಿರುತ್ತದೆ. ಅಂತಹ ಆಶಾ ಕಾರ್ಯಕರ್ತೆಯರೇ 2025ರ ಜನವರಿಯ ಚಳಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕುಳಿತಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗೆಳೆಯರೊಬ್ಬರು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉದಾಹರಣೆ ಕೊಡುತ್ತಾರೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಅಲ್ಲಿ ಸಾವಿರ ಹಾಸಿಗೆಯ ಗುರಿಯಿಟ್ಟು ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಕಷ್ಟ ಬಂದರೆ ಸರ್ಕಾರ ಮಾಡಿಯೇ ಮಾಡುತ್ತದೆ ಎಂಬುದು ಅವರ ವಾದ. ಆದರೆ ಅಲ್ಲಿ ಪಕ್ಕದಲ್ಲೇ ಉಕ್ಕಿನ ಕಾರ್ಖಾನೆಯ ಆಮ್ಲಜನಕವಿತ್ತು, ಆದ್ದರಿಂದ ಅದು ಸಾಧ್ಯವಾಯಿತು. ನುರಿತ ನರ್ಸ್ ಒಬ್ಬರು ತಯಾರಾಗಲು ವರ್ಷಗಳೇ ಬೇಕು, ಅವರನ್ನು ವಾರದಲ್ಲಿ ಎಲ್ಲಿಂದ ತರುತ್ತೀರಿ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಡ್ರಿಪ್‌ನಲ್ಲಿ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆಯೇ ಸಂಶಯ ಎದ್ದಾಗ, ಯಾವ ಸಾಂಕ್ರಾಮಿಕವೂ ಇರಲಿಲ್ಲ. ಔಷಧವನ್ನು ಪರೀಕ್ಷಿಸುವವರು ದಿನನಿತ್ಯ, ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದು ಆಗಲಾದರೂ ನಮಗೆ ತಿಳಿಯಬೇಕಿತ್ತು.

ಹಣವಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 2025ರ ಹೊತ್ತಿಗೆ ಆರೋಗ್ಯಕ್ಕೆ ಸಾರ್ವಜನಿಕ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಬರೆದಿತ್ತು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕಂತೂ ಇಲ್ಲಿನವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಇದೆ. ಆದರೆ ಹುದ್ದೆಯನ್ನೇ ತುಂಬದಿದ್ದರೆ ಆ ಮೀಸಲಾತಿಯಿಂದ ನಮ್ಮ ಮಕ್ಕಳಿಗೆ ಏನು ಸಿಕ್ಕೀತು? ನಿಮ್ಮೂರಿಗೆ ಶಾಸಕರು ಇನ್ನೊಂದು ಆಸ್ಪತ್ರೆ ಕಟ್ಟಡದ ಭೂಮಿಪೂಜೆಗೆ ಬಂದರೆ, ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ನಿಯೋಜನೆಯ ಮೇಲೆ ಹೊರಗೆ ಹೋದವರೆಷ್ಟು ಎಂದು ದಯವಿಟ್ಟು ಎದ್ದು ನಿಂತು ಕೇಳಿ.